ಎರಡು ಬೆರಳು ಆಟ

ಸ್ಟೇರಿಂಗಿನಲ್ಲಿ ಆಟ ಇದೆ ಅಕ್ಕಾ, ಎಂದ ಬಾಬಾಜಾನ್.
ಎರಡು ಬೆರಳು.
ನನಗೆ ಗೊತ್ತಿರಲಿಲ್ಲವೆ?
ಏಳು ವರ್ಷ ಜಿಗಣಿಯ ಚಪ್ಪಡಿ ಹೊತ್ತು
ಬನ್ನೇರುಘಟ್ಟ ರಸ್ತೆಯ ಹೊಂಡಕ್ಕೆಲ್ಲ ಹೆಸರಿಟ್ಟವಳು ನಾನು.
ಎಡಕ್ಕೆ ಹೋಗಬೇಕಾದರೆ
ಒಂದು ಗೇಣು ಮುಂಚೆಯೇ ಎಡಕ್ಕೆ ತಿರುಗಿಸಿ
ಗಾಡಿಗೆ ಸುದ್ದಿ ಮುಟ್ಟುವ ತನಕ ಕಾಯುವುದು
ಅಭ್ಯಾಸ.

ಈಚೆಗೆ ಬಲಭುಜ ಏಳುವುದಿಲ್ಲ.
ಜಡೆ ಹಾಕಲು ಪಕ್ಕದ ಮನೆ ಫಿಲೋಮಿನಾ ಬರಬೇಕು.
ಲೋಡಿನಲ್ಲಿ, ನಿಂತಲ್ಲೇ ಚಕ್ರ ತಿರುಗಿಸಿದರೆ
ಮೂಳೆಯೊಳಗೆ ಯಾರೋ ಮರಳು ಜರಡಿ ಹಿಡಿದ ಸದ್ದು.

ಜೆ.ಸಿ. ರಸ್ತೆಯಲ್ಲಿ ಎಲ್ಲರೂ ಡಾಕ್ಟರೇ.
ಬಾಗಿಲಲ್ಲಿ ನಿಂತವನೊಬ್ಬ ಕೂಗಿದ:
ಡ್ಯಾಂಪರ್ ಹಾಕ್ಸಿ ಮೇಡಂ, ಬೆಣ್ಣೆ ಬೆಣ್ಣೆ!
ಬಾಬಾಜಾನ್ ಬೀಡಿಯ ತುದಿ ನೋಡುತ್ತ ಅಂದ:
ನಡುಕ ನಿಲ್ಲುತ್ತೆ, ಸವೆತ ನಿಲ್ಲಲ್ಲ.
ಜ್ವರ ಬಂದವನಿಗೆ ಕಂಬಳಿ ಹೊದಿಸಿ
ಕೆಲಸಕ್ಕೆ ಕಳಿಸಿದ ಹಾಗೆ.
ಹಾಗಾದರೆ ಬಾಕ್ಸಿನ ಸ್ಕ್ರೂ ಬಿಗಿ ಮಾಡಿಬಿಡು, ಎಂದೆ.
ಪುಕ್ಕಟೆ ದಾರಿ.
ನೆಟ್ಟಗೆ ಹೋಗುವಾಗ ಸರಿ ಅಕ್ಕಾ,
ತಿರುವಿನಲ್ಲಿ ಕಚ್ಚಿಕೊಳ್ಳುತ್ತೆ.
ನೆಟ್ಟಗೆ ಹೋಗೋ ದಾರಿ ಈ ಊರಲ್ಲಿ ಎಲ್ಲಿದೆ, ಹೇಳು?

ಪಾರಸ್‌ಮಲ್ಲರ ಅಂಗಡಿಯಲ್ಲಿ ಹೊಸ ಪವರ್ ಸ್ಟೇರಿಂಗು.
ಬಾಕ್ಸು, ಪಂಪು, ಹೋಸು, ಬೆಲ್ಟು, ಎಲ್ಲ ಸೇರಿ
ಮೂವತ್ತೆಂಟು ಸಾವಿರ. ಬಿಲ್ಲು ಬೇಡವೆಂದರೆ ಮೂವತ್ತಾರು.
ಒಂದೇ ಬೆರಳಲ್ಲಿ ತಿರುಗುತ್ತೆ ನೋಡಮ್ಮ ಎಂದು
ತೋರುಬೆರಳನ್ನು ಗಾಳಿಯಲ್ಲಿ ಸುತ್ತಿಸಿದರು.
ಬೆರಳಿನ ಉಂಗುರ ನೋಡಿದೆ.
ಅದರ ಬೆಲೆಯೂ ಅಷ್ಟೇ ಇದ್ದೀತು.

ಶಿವಾಜಿನಗರದ ಗುಜರಿಯಲ್ಲಿ ಹದಿನಾಲ್ಕು.
ತೊಳೆದು, ಒರೆಸಿ, ಕಪ್ಪು ಬಣ್ಣ ಬಳಿದಿದ್ದರು.
ಇದು ಯಾವ ಗಾಡೀದು?
ಹುಡುಗ ಆಚೆ ನೋಡಿದ.
ಬ್ರಾಕೆಟ್ಟಿನ ಸಂದಿಯಲ್ಲಿ, ಬಣ್ಣದಡಿ ಸಿಕ್ಕಿಕೊಂಡು
ಕೆಂಪು ದಾರದ ಒಂದೆಳೆ.
ಯಾವುದೋ ಆಯುಧಪೂಜೆಯಲ್ಲಿ ಯಾರೋ ಕಟ್ಟಿದ್ದು.
ಕೆಳಗಿಟ್ಟೆ.
ಕೈ ತಾನಾಗಿ ಚೂಡಿದಾರಕ್ಕೆ ಒರೆಸಿಕೊಂಡಿತು.

ಮೊದಲು ಕೀಲು, ಆಮೇಲೆ ಬಲ:
ಬಾಬಾಜಾನ್ ಕಡೆಗೂ ಬಾಯಿ ಬಿಟ್ಟದ್ದು ಇಷ್ಟು.
ಸವೆದ ಕೀಲಿಗೆ ಪವರ್ ಕೊಟ್ಟರೆ ಮುರಿಯೋದು ಬೇಗ.
ಟೈ ರಾಡ್ ಎಂಡು ಎರಡು, ಡ್ರ್ಯಾಗ್ ಲಿಂಕು, ಕಿಂಗ್ ಪಿನ್ನು.
ದಪ್ಪದ್ದೇ ಹಾಕೋಣ, ದೊಡ್ಡ ಲಾರೀದು, ಇದಕ್ಕೂ ಕೂರುತ್ತೆ.
ಕೂಲಿ ಸೇರಿ ಒಂಬತ್ತೂವರೆ ಸಾವಿರ.
ಪವರ್ ಮುಂದಿನ ವರ್ಷ ನೋಡೋಣ.
ಮತ್ತೆ ನನ್ನ ಭುಜ? ಎಂದೆ.
ಅದರ ಸ್ಪೇರು ನಮ್ಮಲ್ಲಿ ಬರಲ್ಲ ಅಕ್ಕಾ.

ಅವನು ಗಾಡಿಯಡಿ ಮಲಗಿದ.
ಕ್ಲೀನರ್ ಎಲ್ಲೇಶ ಮೇಲೆ ಕೂತು
ಅಲ್ಲಾಡಿಸು ಎಂದಾಗ ಅಲ್ಲಾಡಿಸಿದ, ನಿಲ್ಲಿಸು ಎಂದಾಗ ನಿಲ್ಲಿಸಿದ.
ಹಳೇ ಎಂಡು ಕಳಚಿ ಬಂದಾಗ
ಅದರ ಗುಂಡು ಬಟ್ಟಲಿನೊಳಗೆ
ಹಾಲುಹಲ್ಲಿನಂತೆ ಜೋಲಾಡುತ್ತಿತ್ತು.
ಇದರ ಮೇಲೆ ಮೂರು ಟನ್ನು ತಂದೆನಲ್ಲ,
ಶಾಲೆ ಬಿಡುವ ಹೊತ್ತಿನಲ್ಲಿ,
ಎಷ್ಟು ಸಲ.

ಮರುದಿನ ಗೊಟ್ಟಿಗೆರೆ.
ಹೊಂಡ ಕಾಣುವ ಮೊದಲೇ
ಕೈ ಎಂದಿನಂತೆ ಒಂದು ಗೇಣು ಮುಂಚೆ ತಿರುಗಿತು.
ಗಾಡಿ,
ಹೇಳಿದ್ದನ್ನು ಹೇಳಿದಾಗಲೇ ಕೇಳಿಬಿಟ್ಟಿತು!
ಆಟೋದವನ ಕನ್ನಡಿ ಕೂದಲೆಳೆಯಲ್ಲಿ ಉಳಿಯಿತು.
ಅವನು ನಮ್ಮಮ್ಮನನ್ನು ನೆನೆದ.
ಎಲ್ಲೇಶ ಬಾಗಿಲು ಹಿಡಿದುಕೊಂಡು ಕೇಳಿದ:
ರಿಪೇರಿ ಮಾಡ್ಸಿದ ಮೇಲೂ ಯಾಕಕ್ಕಾ ಹಾವಿನ ಥರ ಹೋಗ್ತಿದೆ?
ಗಾಡಿ ಅಲ್ಲ ಕಣೋ.

ಹಳೇ ಎಂಡನ್ನು ಗುಜರಿಗೆ ಹಾಕಿಲ್ಲ,
ಡ್ಯಾಶ್‌ಬೋರ್ಡಿನ ಮೇಲೆ ಇಟ್ಟಿದ್ದೇನೆ.
ಡೇರಿ ಸರ್ಕಲ್ಲಿನ ಕೆಂಪು ದೀಪದಲ್ಲಿ
ಎಡಗೈಯಿಂದ ಅದರ ಗುಂಡು ಅಲ್ಲಾಡಿಸುತ್ತೇನೆ
ಆ ಕಡೆ, ಈ ಕಡೆ,
ಹಿಂದಿನವನು ಹಾರ್ನ್ ಹೊಡೆಯುವ ತನಕ.